ಆಫ್ರಿಕಾದ ಅನಾಥಾಶ್ರಮಕ್ಕೆ ಸೇವೆಗೆ ಹೋಗುವ ಮುನ್ನ



ನಮ್ಮ ಕೂಟದ ಕಳೆದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಇಬ್ಬರು ಬಂದು, "ನೀವು ಆಫ್ರಿಕಾಕ್ಕೆ ಹೋಗಿದ್ದಿರಂತಲ್ಲ, ಅನಾಥ ಮಕ್ಕಳ ಸೇವೆಗೆ? ನಾವೂ ಈ ಸಲ ರಜೆಯಲ್ಲಿ ಮಕ್ಕಳನ್ನು ಕರಕೊಂಡು ಹೋಗೋಣ ಅಂತಿದ್ದೀವಿ. ಹೇಗೆ, ಏನು ಹೇಳಿ" ಎಂದು ಕೇಳಿದರು. ಕೈಯಲ್ಲಿ ತಟ್ಟೆ ಹಿಡಿದು ಹೇಳಿ ಮುಗಿಸುವ ವಿಷಯ ಅದಲ್ಲ. ಹೋಗಿ ಅಂತಲೂ ಹೇಳಲಾಗದೆ, ಹೋಗಬೇಡಿ ಅಂತಲೂ ಹೇಳಲಾಗದೆ ನಕ್ಕು ಸುಮ್ಮನಾದೆ. ಆ ಉತ್ತರ ಬಾಕಿ ಉಳಿದಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಚರ್ಚಿಗೆ ಹೋಗುವವನಲ್ಲ. ಆದರೆ ಸಾಲ್ಮಿಯಾದ ನಮ್ಮ ಕಟ್ಟಡದಲ್ಲೇ ಇರುವ ಮಂಗಳೂರಿನ ಗೆಳೆಯರೊಬ್ಬರು ಪ್ರತಿ ಶುಕ್ರವಾರ ತಪ್ಪದೆ ಹೋಗುತ್ತಾರೆ. ಇಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಭಾನುವಾರದ ಪ್ರಾರ್ಥನೆ ಶುಕ್ರವಾರಕ್ಕೇ ಬಂದುಬಿಟ್ಟಿದೆ. ಹೊಸದಾಗಿ ಬಂದವರಿಗೆ ಕುವೈತ್‌ನಲ್ಲಿ ಚರ್ಚ್ ಇದೆ ಎಂದರೇ ಆಶ್ಚರ್ಯ. ಆದರೆ ಇಲ್ಲಿ ಅಮೆರಿಕನ್ ಮಿಷನ್ನಿನವರು ಆಸ್ಪತ್ರೆ ಕಟ್ಟಿದ್ದು 1914ರಲ್ಲಿ, ತೈಲ ಸಿಗುವುದಕ್ಕೂ ಎಷ್ಟೋ ಮೊದಲು. ಗಲ್ಫ್ ರಸ್ತೆಯಲ್ಲಿ 'ಅಮೆರಿಕಾನಿ' ಅನ್ನುವ ಹಳೆಯ ಕಟ್ಟಡ ನೋಡಿರುತ್ತೀರಿ, ಅದೇ ಅದು. ಈಗ ಸಾಂಸ್ಕೃತಿಕ ಕೇಂದ್ರ. ಅದೇ ಮಿಷನ್ನಿನಿಂದ ಬೆಳೆದ ನ್ಯಾಷನಲ್ ಇವ್ಯಾಂಜೆಲಿಕಲ್ ಚರ್ಚಿನ ಆವರಣದಲ್ಲಿ ಇವತ್ತು ಹತ್ತಾರು ಭಾಷೆಗಳ ಸಭೆಗಳು ಒಂದಾದ ಮೇಲೊಂದು ನಡೆಯುತ್ತವೆ. ಮಲಯಾಳಂ ಮುಗಿದರೆ ಕೊರಿಯನ್, ಅದು ಮುಗಿದರೆ ಮತ್ತೊಂದು.

ನಮ್ಮ ಗುಂಪು ಯಾವ ಚರ್ಚಿನದು ಎಂದು ನಾನು ಬರೆಯುವುದಿಲ್ಲ, ಆಶ್ರಮದ ಹೆಸರನ್ನೂ ಬರೆಯುವುದಿಲ್ಲ. ಏಕೆಂದರೆ ಇದರಲ್ಲಿ ಕೆಟ್ಟವರು ಯಾರೂ ಇಲ್ಲ, ತಪ್ಪಿನಲ್ಲಿ ನನ್ನ ಪಾಲೂ ಇದೆ.

2023ರ ಬಕ್ರೀದ್ ರಜೆಗೆ ಕೀನ್ಯಾಕ್ಕೆ ಹನ್ನೆರಡು ಜನ ಹೊರಟಿದ್ದರು. ಅದರಲ್ಲಿ ಒಬ್ಬರು ಕೊನೆ ಗಳಿಗೆಯಲ್ಲಿ ಬರಲಾಗಲಿಲ್ಲ. "ಬನ್ನಿ ಮಾರಾಯ್ರೇ, ಒಂದು ವಾರ. ನಿಮಗೆ ಕಂಪ್ಯೂಟರ್ ಬರ್ತದಲ್ಲ, ಅಲ್ಲಿ ಅದೇ ಬೇಕಾಗಿದೆ" ಎಂದರು ಗೆಳೆಯರು. ಕಂಪ್ಯೂಟರ್ ಬರುವವನು ಎಂದರೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಎಲ್ಲವೂ ಬರುತ್ತದೆ ಎಂದು ಲೋಕ ನಂಬಿದೆ, ನಿಮಗೂ ಅನುಭವ ಇರಬಹುದು. ಒಪ್ಪಿಕೊಂಡೆ. ಹೋಗಿಬರಲು ತಲೆಗೆ ಸುಮಾರು 300 ದಿನಾರ್ ಬಿತ್ತು, ಅವರವರ ಖರ್ಚು ಅವರವರದು.

ಆಫೀಸಿನಲ್ಲಿ ರಜೆಯ ವಿಷಯ ಹೇಳಿದಾಗ ನಮ್ಮ ಕುವೈತಿ ಮ್ಯಾನೇಜರ್ ತುಂಬಾ ಖುಷಿಪಟ್ಟು, "ಅಬ್ದುಲ್ ರಹಮಾನ್ ಅಲ್ ಸುಮೈತ್ ಹೆಸರು ಕೇಳಿದ್ದೀಯಾ?" ಎಂದು ಕೇಳಿದರು. ಕೇಳಿರಲಿಲ್ಲ. ಇಷ್ಟು ವರ್ಷ ಈ ದೇಶದಲ್ಲಿದ್ದು ಕೇಳಿರಲಿಲ್ಲವಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಡಾ. ಸುಮೈತ್ 1947ರಲ್ಲಿ ಇಲ್ಲೇ ಹುಟ್ಟಿದವರು. ಬಾಗ್ದಾದಿನಲ್ಲಿ ವೈದ್ಯಕೀಯ ಓದಿ, ಲಿವರ್‌ಪೂಲಿನಲ್ಲಿ ಉಷ್ಣವಲಯದ ರೋಗಗಳ ಬಗ್ಗೆ ಡಿಪ್ಲೊಮಾ ಮಾಡಿ, ಕೆನಡಾದಲ್ಲಿ ತಜ್ಞರಾಗಿ ಬಂದು ಕುವೈತಿನ ಸಬಾ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಸುಖವಾಗಿ ಇರಬಹುದಾಗಿದ್ದ ಮನುಷ್ಯ. 1981ರಲ್ಲಿ ಆಫ್ರಿಕಾಕ್ಕಾಗಿ ಒಂದು ಸಂಸ್ಥೆ ಕಟ್ಟಿದರು. ಇವತ್ತು ಅದರ ಹೆಸರು 'ಡೈರೆಕ್ಟ್ ಏಯ್ಡ್'. ಮುಂದಿನ ಸುಮಾರು ಮೂರು ದಶಕ ಅವರ ಬದುಕು ಅಲ್ಲೇ. ಬಾವಿ ತೋಡಿಸುವುದು, ಶಾಲೆ, ಚಿಕಿತ್ಸಾಲಯ, ಅನಾಥ ಮಕ್ಕಳ ಓದು. ಕೊನೆಯ ವರ್ಷಗಳಲ್ಲಿ ಮಡಗಾಸ್ಕರ್‌ನಲ್ಲಿ ಮನೆ ಮಾಡಿಕೊಂಡು ಅಲ್ಲಿಯೇ ಇದ್ದರು. 1996ರಲ್ಲಿ ಕಿಂಗ್ ಫೈಸಲ್ ಪ್ರಶಸ್ತಿ ಬಂದಾಗ ಆ ಹಣವನ್ನು ಆಫ್ರಿಕಾದ ಮಕ್ಕಳ ಶಿಕ್ಷಣಕ್ಕೆ ಕೊಟ್ಟುಬಿಟ್ಟರು. ತೀರಿಕೊಂಡದ್ದು 2013ರ ಆಗಸ್ಟ್‌ನಲ್ಲಿ. ಅದೇ ವರ್ಷ ಕುವೈತ್ ಸರಕಾರ ಅವರ ಹೆಸರಿನಲ್ಲಿ ಆಫ್ರಿಕಾದ ಅಭಿವೃದ್ಧಿಗೆ ಹತ್ತು ಲಕ್ಷ ಡಾಲರ್‌ಗಳ ಪ್ರಶಸ್ತಿ ಘೋಷಿಸಿತು.

ಅವರದು ಮುಸ್ಲಿಂ ಸೇವಾ ಸಂಸ್ಥೆ, ನಾವು ಹೊರಟದ್ದು ಚರ್ಚಿನವರ ಜೊತೆ. ಆ ವ್ಯತ್ಯಾಸ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಮೂವತ್ತು ವರ್ಷಕ್ಕೂ ಒಂದು ವಾರಕ್ಕೂ ಇರುವ ವ್ಯತ್ಯಾಸ ಮಾತ್ರ ಆಮೇಲೆ ಬಹಳ ಕಾಡಿತು.

ದೋಹಾ ಮೂಲಕ ನೈರೋಬಿ, ಅಲ್ಲಿಂದ ಸಣ್ಣ ವಿಮಾನದಲ್ಲಿ ವಿಕ್ಟೋರಿಯಾ ಸರೋವರದ ದಡದ ಕಿಸುಮು, ಅಲ್ಲಿಂದ ವ್ಯಾನಿನಲ್ಲಿ ಒಂದೂವರೆ ಗಂಟೆ. ಕುವೈತಿನ ಜೂನ್ ತಿಂಗಳ ಬೆಂಕಿಯಿಂದ ಹೋದವನಿಗೆ ಆ ಹಸಿರು, ಕೆಂಪು ಮಣ್ಣು, ಸಂಜೆಯ ತಂಪು ನೋಡಿ ನಮ್ಮ ಕಡೆಗೇ ಬಂದ ಹಾಗಾಯಿತು. ಊಟಕ್ಕೆ ಉಗಾಲಿ. ಜೋಳದ, ಅಂದರೆ ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಮರದ ಸೌಟಿನಲ್ಲಿ ತಿರುವಿ ಮಾಡುವುದು. ನಮ್ಮ ರಾಗಿ ಮುದ್ದೆಯ ಬಿಳಿ ತಮ್ಮ ಎನ್ನಿ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ಆ ಹೆಸರಿಗೆ 'ವಾರ ತಳ್ಳು' ಎಂದು ಅರ್ಥವಂತೆ, ಕಾಸಿಲ್ಲದವರು ಅದರಲ್ಲೇ ವಾರ ತಳ್ಳುತ್ತಾರೆ. ನಾನು ಉಗಾಲಿಯನ್ನು ಕೈಯಲ್ಲಿ ಮುರಿದು ಉಂಡೆ ಮಾಡಿದ ರೀತಿ ನೋಡಿ ಅಡುಗೆಯವರಿಗೆ ಬಹಳ ಸಂತೋಷವಾಯಿತು. ಮುದ್ದೆ ಉಂಡ ಕೈ ಅಂತ ಅವರಿಗೇನು ಗೊತ್ತು!

ಆಶ್ರಮದಲ್ಲಿ 38 ಮಕ್ಕಳು, ಮೂರು ವರ್ಷದವರಿಂದ ಹದಿನಾರರವರೆಗೆ. ನಾವು ವ್ಯಾನಿನಿಂದ ಇಳಿದ ಕೂಡಲೇ ಓಡಿ ಬಂದು ಕೈ ಹಿಡಿದರು, ಚಿಕ್ಕವರು ಸೊಂಟ ಏರಿದರು. ನಮ್ಮ ಗುಂಪಿನ ಹೆಂಗಸರ ಕಣ್ಣಲ್ಲಿ ನೀರು. ನನಗೆ ಅಂಟಿಕೊಂಡವನು ಏಳು ವರ್ಷದ ಒಬ್ಬ ಹುಡುಗ, ಮುಂದಿನ ಎರಡು ಹಲ್ಲು ಬಿದ್ದಿತ್ತು. ವಾರವಿಡೀ ನನ್ನ ಜೊತೆಯಲ್ಲೇ ಇದ್ದ. ನಾನು ಲ್ಯಾಪ್‌ಟಾಪ್ ಮುಂದೆ ಕೂತರೆ ಪಕ್ಕದಲ್ಲಿ ಕೂತು ಎಂಟರ್ ಒತ್ತುವ ಕೆಲಸ ಅವನದು.

ಉಳಿದವರು ಗೋಡೆಗೆ ಬಣ್ಣ ಹೊಡೆದರು. ಊಟದ ಮನೆಯ ಗೋಡೆಗೆ ಹಳದಿ ಬಣ್ಣ. ಹಳೆಯದನ್ನು ಕೆರೆಯುವಾಗ ಕೆಳಗೆ ನೀಲಿ ಸಿಕ್ಕಿತು, ಅದರ ಕೆಳಗೆ ಹಸಿರು. ಪ್ರತಿ ವರ್ಷ ಯಾವುದಾದರೂ ಗುಂಪು ಬಂದಾಗ ಆ ಗೋಡೆ ಬಣ್ಣ ಬದಲಿಸುತ್ತಿತ್ತು. ಊರಿನಲ್ಲಿ ಬಣ್ಣ ಹೊಡೆಯುವವರು ಇಲ್ಲವೇ ಎಂದು ಕೇಳಿದೆ. ಇದ್ದಾರೆ, ಕೆಲಸವಿಲ್ಲದೆ ಕೂತಿದ್ದಾರೆ ಎಂದರು ಮೇಟ್ರನ್, ಬೇಸರವೇನೂ ಇಲ್ಲದೆ. ನಮ್ಮಲ್ಲಿದ್ದ ಇಬ್ಬರು ನರ್ಸ್‌ಗಳು ಮಾತ್ರ ನಿಜವಾಗಿ ಉಪಯೋಗಕ್ಕೆ ಬಂದರು. ಎಲ್ಲ ಮಕ್ಕಳ ಕಿವಿ, ಹಲ್ಲು, ತೂಕ ನೋಡಿ, ಯಾರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು ಎಂದು ಪಟ್ಟಿ ಬರೆದುಕೊಟ್ಟರು.

ನನಗೆ ಕೊಟ್ಟ ಕೆಲಸ ದಾಖಲಾತಿ ಪುಸ್ತಕವನ್ನು ಕಂಪ್ಯೂಟರಿಗೆ ಹಾಕುವುದು. ಉದ್ದನೆಯ ರಟ್ಟಿನ ರಿಜಿಸ್ಟರ್, ಬೇರೆ ಬೇರೆ ಕೈಬರಹ. ಮಗುವಿನ ಹೆಸರು, ಹುಟ್ಟಿದ ದಿನ, ಸೇರಿದ ದಿನ, ಕಾರಣ, ಪೋಷಕರ ಹೆಸರು, ಫೋನ್ ನಂಬರ್. ಎಕ್ಸೆಲ್ ಶೀಟಿನಲ್ಲಿ ಕಾಲಂಗಳನ್ನು ಹಾಕಿಕೊಂಡು ಟೈಪ್ ಮಾಡುತ್ತಾ ಹೋದೆ. ಎರಡನೆಯ ದಿನ ಮಧ್ಯಾಹ್ನ ಒಂದು ಸಂಗತಿ ಹೊಳೆಯಿತು. ಅನಾಥಾಶ್ರಮದ ರಿಜಿಸ್ಟರಿನಲ್ಲಿ ಫೋನ್ ನಂಬರಿನ ಕಾಲಂ ಖಾಲಿ ಇರಬೇಕಲ್ಲವೇ? ಹೆಚ್ಚುಕಡಿಮೆ ಭರ್ತಿಯಾಗಿತ್ತು! ಅಮ್ಮ, ಅಜ್ಜಿ, ದೊಡ್ಡಪ್ಪ, ಅಕ್ಕ. ಎಣಿಸಿದೆ. ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳು 38ರಲ್ಲಿ ಆರು.

ಮೋಸ ಎಂದು ಮೊದಲು ಅನಿಸಿತು. ರಾತ್ರಿ ಮೇಟ್ರನ್ ಹತ್ತಿರ ಕೇಳಿದೆ. ಅವರು ಸ್ವಲ್ಪವೂ ಮುಚ್ಚಿಡಲಿಲ್ಲ. "ಅಪ್ಪ ಸತ್ತರೆ ಮಗು ಅನಾಥ ಎಂದೇ ಎಲ್ಲರೂ ಬರೆಯುವುದು" ಎಂದರು.

ಅವರು ಹೇಳಿದ್ದು ಸರಿಯೇ. ಯುನಿಸೆಫ್ ಲೆಕ್ಕದಲ್ಲಿ 'ಆರ್ಫನ್' ಎಂದರೆ ತಂದೆ ಅಥವಾ ತಾಯಿ, ಒಬ್ಬರನ್ನಾದರೂ ಕಳೆದುಕೊಂಡ, 18ರ ಒಳಗಿನ ಮಗು. 2015ರಲ್ಲಿ ಪ್ರಪಂಚದಲ್ಲಿ ಅಂಥವರು ಸುಮಾರು 14 ಕೋಟಿ. ಅವರಲ್ಲಿ ಇಬ್ಬರನ್ನೂ ಕಳೆದುಕೊಂಡವರು ಸುಮಾರು 1 ಕೋಟಿ 51 ಲಕ್ಷ. ಅಂದರೆ ಪತ್ರಿಕೆಯಲ್ಲಿ 14 ಕೋಟಿ ಅನಾಥರು ಎಂದು ಓದಿದಾಗ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಹತ್ತರಲ್ಲಿ ಒಬ್ಬರಿಗೆ ಮಾತ್ರ ಹೊಂದುತ್ತದೆ. ಆಶ್ರಮಗಳಲ್ಲಿ ಇರುವ ಮಕ್ಕಳ ಲೆಕ್ಕವೂ ಹೀಗೆಯೇ. ಐವರಲ್ಲಿ ನಾಲ್ವರಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ ಎಂದು 'ಸೇವ್ ದ ಚಿಲ್ಡ್ರನ್' ಸಂಸ್ಥೆ 2009ರಲ್ಲೇ ಹೇಳಿದೆ. ನಮ್ಮ ಭಾಷೆಯಲ್ಲಿ ಅನಾಥ ಎಂದರೆ ದಿಕ್ಕಿಲ್ಲದವನು. ಅಪ್ಪ ಸತ್ತು ಅಮ್ಮ ಇರುವ ಮಗುವನ್ನು ನಾವು ಅನಾಥ ಅನ್ನುವುದಿಲ್ಲ. ತರ್ಜುಮೆಯಲ್ಲೇ ಅರ್ಧ ಕಥೆ ಕಳೆದುಹೋಗಿದೆ.

ಹಾಗಾದರೆ ಅಮ್ಮ ಇರುವ ಮಗು ಆಶ್ರಮಕ್ಕೆ ಏಕೆ ಬರುತ್ತದೆ? ಆ ಭಾಗದಲ್ಲಿ ಏಡ್ಸ್ ಬಹಳ ಜನರನ್ನು ಕೊಂದಿದೆ, ಅದರಲ್ಲೂ ಔಷಧಿ ಸಿಗುವ ಮೊದಲಿನ ವರ್ಷಗಳಲ್ಲಿ. ಒಂದು ತಲೆಮಾರೇ ಹೋಗಿ ಅಜ್ಜಿಯರ ಕೈಯಲ್ಲಿ ಮೊಮ್ಮಕ್ಕಳು ಉಳಿದರು. ಆಗ ಹುಟ್ಟಿಕೊಂಡ ಆಶ್ರಮಗಳು ಅನೇಕ. ಆಮೇಲೆ ಔಷಧಿ ಬಂತು, ಸಾವು ಕಡಿಮೆಯಾಯಿತು. ಆಶ್ರಮಗಳು ಹಾಗೆಯೇ ಉಳಿದವು. ಕೀನ್ಯಾದಲ್ಲಿ 2003ರಿಂದ ಸರಕಾರಿ ಪ್ರಾಥಮಿಕ ಶಾಲೆಗೆ ಫೀಸು ಇಲ್ಲ. ಆದರೆ ಸಮವಸ್ತ್ರ, ಪುಸ್ತಕ, ಬೂಟು ಇವೆಲ್ಲ ಇದ್ದೇ ಇದೆಯಲ್ಲ. ಆಶ್ರಮದಲ್ಲಾದರೆ ಊಟ, ಬಟ್ಟೆ, ಒಳ್ಳೆಯ ಇಂಗ್ಲಿಷ್ ಶಾಲೆ. ಬಡವಳಾದ ತಾಯಿ ಏನು ಮಾಡಿಯಾಳು? ಮಗುವಿಗೆ ಒಳ್ಳೆಯದಾಗಲಿ ಎಂದು ಬಿಟ್ಟು ಹೋಗುತ್ತಾಳೆ. ಇನ್ನು ಆಶ್ರಮಕ್ಕೆ ದೇಣಿಗೆ ಬರುವುದು ಮಕ್ಕಳ ತಲೆ ಲೆಕ್ಕದಲ್ಲಿ. ಹಾಸಿಗೆ ಖಾಲಿಯಾದರೆ ದೇಣಿಗೆ ಕಡಿಮೆ. ಕಳ್ಳತನ ಯಾರದೂ ಅಲ್ಲ. ಪ್ರತಿಯೊಬ್ಬರೂ ತಮಗೆ ಸರಿ ಕಂಡದ್ದನ್ನೇ ಮಾಡಿದ್ದಾರೆ, ಆದರೂ ಮಗು ಮನೆ ಬಿಟ್ಟಿದೆ.

ಇದನ್ನು ಓದಿ ಕೆಲವರಿಗೆ ನಮ್ಮ ಮಠಗಳ ನೆನಪಾಗಬಹುದು. ನನಗೂ ಆಯಿತು. ನನ್ನ ತಂದೆ ಸಿದ್ಧಗಂಗಾ ಮಠದಲ್ಲಿ ಉಳಿದು ಓದಿದವರು. ಅಜ್ಜನಿಗೆ ಮೂರು ಎಕರೆ ಖುಷ್ಕಿ ಜಮೀನು, ಐದು ಮಕ್ಕಳು. ತುಮಕೂರಿನ ಮಠದಲ್ಲಿ ಊಟ, ವಸತಿ, ಪಾಠ ಎಲ್ಲ ಉಚಿತ. ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವ ತನಕ ಹಾಗೆ ಓದಿದ ಬಡ ಮಕ್ಕಳಿಗೆ ಲೆಕ್ಕವಿಲ್ಲ, ಇವತ್ತಿಗೂ ಸಾವಿರಾರು ಮಕ್ಕಳಿದ್ದಾರೆ. ಅಲ್ಲಿಯೂ ಬಡತನದಿಂದಲೇ ಮಗು ಮನೆ ಬಿಡುತ್ತದೆ. ವ್ಯತ್ಯಾಸ ಏನು ಎಂದು ಬಹಳ ಯೋಚಿಸಿದೆ. ಮಠದಲ್ಲಿ ನಮ್ಮ ತಂದೆ ವಿದ್ಯಾರ್ಥಿ, ಅನಾಥ ಅಲ್ಲ. ಜಾತ್ರೆಗೆ ಅಜ್ಜಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಬೇಸಿಗೆ ರಜೆಯಲ್ಲಿ ಮನೆಗೆ ಬಂದು ದನ ಕಾಯುತ್ತಿದ್ದರು. ಅಪ್ಪ ಅಮ್ಮ ಇಲ್ಲ ಎಂದು ಯಾವ ಪುಸ್ತಕದಲ್ಲೂ ಯಾರೂ ಬರೆಯಲಿಲ್ಲ. ಪ್ರತಿ ರಜೆಗೆ ಹೊಸ ಹನ್ನೆರಡು ಜನ ವಿದೇಶದಿಂದ ಬಂದು ತಬ್ಬಿಕೊಂಡು, ಫೋಟೋ ತೆಗೆದುಕೊಂಡು ಹೋಗಲೂ ಇಲ್ಲ.

ಆ ತಬ್ಬಿಕೊಳ್ಳುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಾಪಸು ಬಂದ ಮೇಲೆ ನಮ್ಮ ಗುಂಪಿನ ಸಭೆಯಲ್ಲಿ ನಾನು ರಿಜಿಸ್ಟರಿನ ವಿಷಯ ಎತ್ತಿದಾಗ ಹಿರಿಯರೊಬ್ಬರು ನೊಂದುಕೊಂಡು, "ಆದರೆ ಮಕ್ಕಳು ಎಷ್ಟು ಸಂತೋಷವಾಗಿದ್ದವು, ನೀನೇ ನೋಡಿದೆಯಲ್ಲ" ಎಂದರು. ನೋಡಿದ್ದೆ. ಆದರೆ ನಮ್ಮ ಮನೆಯ ಮಗಳು ಅಪರಿಚಿತರು ಬಂದರೆ ಅಮ್ಮನ ಹಿಂದೆ ಅಡಗುತ್ತಾಳೆ. ಮೂರು ವರ್ಷದ ಮಗು ಮುಖ ನೋಡದವರ ಸೊಂಟ ಏರಿದರೆ ಅದು ಸಂತೋಷದ ಗುರುತಲ್ಲ. ಯಾರು ಸಿಕ್ಕರೂ ಸರಿ ಎನ್ನುವ ಹಸಿವು ಅದು. ಮಕ್ಕಳ ಮನಶ್ಶಾಸ್ತ್ರದವರು ಆಶ್ರಮಗಳಲ್ಲಿ ಬಹಳ ಹಿಂದೆಯೇ ಇದನ್ನು ಗುರುತಿಸಿದ್ದಾರೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದ ಸುಮಾರಿಗೆ ಶುರುವಾದ ಒಂದು ಅಧ್ಯಯನದಲ್ಲಿ 136 ಆಶ್ರಮದ ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡಿ, ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳುಹಿಸಿದರು. ಮನೆಗಳಲ್ಲಿ ಬೆಳೆದವರ ಬುದ್ಧಿಮಟ್ಟ, ಇನ್ನೊಬ್ಬರನ್ನು ಹಚ್ಚಿಕೊಳ್ಳುವ ಶಕ್ತಿ ಎರಡೂ ಆಶ್ರಮದಲ್ಲಿ ಉಳಿದವರಿಗಿಂತ ಚೆನ್ನಾಗಿದ್ದವು, ಅದರಲ್ಲೂ ಚಿಕ್ಕ ವಯಸ್ಸಿನಲ್ಲೇ ಹೋದವರಲ್ಲಿ. ಬಂದು ಹೋಗುವವರು ಹೆಚ್ಚಾದಷ್ಟೂ ಮಗು ಹಚ್ಚಿಕೊಳ್ಳುವುದು, ಕಳೆದುಕೊಳ್ಳುವುದು ಇದೇ ನಡೆಯುತ್ತಿರುತ್ತದೆ.

ನಾನೂ ಅದನ್ನೇ ಮಾಡಿದೆ. ಹೊರಡುವ ದಿನ ಹಲ್ಲು ಬಿದ್ದ ಹುಡುಗ ವ್ಯಾನಿನ ಬಾಗಿಲು ಹಿಡಿದುಕೊಂಡು ಮತ್ತೆ ಯಾವಾಗ ಎಂದು ಕೇಳಿದ. "ಡಿಸೆಂಬರ್" ಎಂದುಬಿಟ್ಟೆ. ಬಾಯಿಗೆ ಬಂದದ್ದು, ಅಳು ನಿಲ್ಲಲಿ ಎಂದು ಹೇಳಿದ್ದು. ಡಿಸೆಂಬರಿನಲ್ಲಿ ನಾನು ತಂಗಿಯ ಮದುವೆಗೆ ಶಿವಮೊಗ್ಗದಲ್ಲಿದ್ದೆ. ಅವನು ತಿಂಗಳಿಡೀ ಗೇಟಿನ ಹತ್ತಿರ ಹೋಗಿ ನೋಡುತ್ತಿದ್ದ ಎಂದು ಆಮೇಲೆ ಮೇಟ್ರನ್ ಫೋನಿನಲ್ಲಿ ಹೇಳಿದರು, ದೂರುವ ಧ್ವನಿಯಲ್ಲಿ ಅಲ್ಲ.

ಇನ್ನೊಂದು ವಿಷಯ ಹೇಳಬೇಕು, ಈ ಲೇಖನ ಬರೆಯಲು ಮುಖ್ಯ ಕಾರಣವೇ ಅದು. ಶೀಟಿನಲ್ಲಿ ಫೋನ್ ನಂಬರ್ ತಪ್ಪಾಗಬಾರದು ಎಂದು ನಾನು ಒಂದು ತಪಾಸಣೆ ಹಾಕಿದ್ದೆ. ಕೀನ್ಯಾದ ಮೊಬೈಲ್ ನಂಬರಿಗೆ ಹತ್ತು ಅಂಕಿ, ಮೊದಲು ಸೊನ್ನೆ. ಒಂದು ನಂಬರನ್ನು ಶೀಟು ಒಪ್ಪಲಿಲ್ಲ. ಹನ್ನೊಂದು ಅಂಕಿ ಇತ್ತು. ಯಾರೋ ತಪ್ಪು ಬರೆದಿದ್ದಾರೆ ಎಂದು ಮತ್ತೆ ನೋಡಿದರೆ ಶುರುವಾಗುವುದು 965ರಿಂದ. ಕುವೈತ್! ಹೆಸರು ನೋಡಿದೆ, ನನ್ನ ಪಕ್ಕದಲ್ಲಿ ಕೂತು ಎಂಟರ್ ಒತ್ತುತ್ತಿದ್ದ ಹುಡುಗನದೇ.

ಅಪ್ಪ ತೀರಿಕೊಂಡಿದ್ದಾರೆ, ಅಮ್ಮ ಕುವೈತಿನಲ್ಲಿ ಮನೆಕೆಲಸಕ್ಕಿದ್ದಾರೆ, ಅಜ್ಜಿ ಆರು ಕಿಲೋಮೀಟರ್ ದೂರದ ಹಳ್ಳಿಯಲ್ಲಿದ್ದಾರೆ ಎಂದರು ಮೇಟ್ರನ್. ನಾನು ಆ ನಂಬರನ್ನು ಬರೆದುಕೊಂಡು ಬರಲಿಲ್ಲ. ಆಶ್ರಮದ ದಾಖಲೆಯಲ್ಲಿದ್ದ ನಂಬರಿಗೆ ನಾನಾಗಿ ಫೋನ್ ಮಾಡುವುದು ಸರಿಯಲ್ಲ ಎನಿಸಿತು. ಅವರಿಗೆ ಇಷ್ಟವಿದ್ದರೆ ನನಗೆ ಫೋನ್ ಮಾಡಲಿ ಎಂದು ನನ್ನ ನಂಬರ್ ಕೊಟ್ಟು ಬಂದೆ. ಮೂರು ವಾರದ ಮೇಲೆ ಫೋನ್ ಬಂತು.

ಒಂದು ಶುಕ್ರವಾರ ನಾನೂ ನನ್ನ ಹೆಂಡತಿಯೂ ಮಾಲಿಯಾ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಅವರನ್ನು ಕಂಡೆವು. ಇಪ್ಪತ್ತೆಂಟು, ಮೂವತ್ತು ವರ್ಷ ಇರಬಹುದು. ಮಗನ ಫೋಟೋಗಳನ್ನು ಒಂದೊಂದಾಗಿ ನೋಡಿ, ಹಲ್ಲು ಯಾವಾಗ ಬಿತ್ತು ಎಂದು ಕೇಳಿದರು. ಸಂಬಳ 75 ದಿನಾರ್. ಇಲ್ಲಿ ಮನೆಕೆಲಸದವರಿಗೆ ಕನಿಷ್ಠ 60 ದಿನಾರ್ ಎಂದು 2016ರಲ್ಲಿ ನಿಗದಿಯಾಗಿದೆ, 2015ರ ಕಾಯಿದೆಯಲ್ಲಿ ವಾರಕ್ಕೊಂದು ರಜೆಯೂ ಇದೆ. ಇವರ ಮನೆಯವರು ರಜೆ ಕೊಡುತ್ತಿದ್ದರು, ಅದು ಅದೃಷ್ಟ. ಪ್ರತಿ ತಿಂಗಳು ಆಶ್ರಮಕ್ಕೆ ಅವರೇ 3,000 ಶಿಲಿಂಗ್ ಕಳಿಸುತ್ತಿದ್ದರು, ಒಳ್ಳೆಯ ಶಾಲೆ ಸಿಗಲಿ ಎಂದು. ಅಜ್ಜಿಯ ಹತ್ತಿರ ಬಿಟ್ಟರೆ ಓದು ಹಾಳಾಗುತ್ತದೆ ಎಂಬ ಹೆದರಿಕೆ.

ನನ್ನ ಹೆಂಡತಿ ಮಾತಿಗೆ, ನಮ್ಮವರು ಹೋಗಿದ್ದ ಆ ಅನಾಥಾಶ್ರಮ ಎಂದಳು. ಆಕೆ ಕಪ್ ಕೆಳಗಿಟ್ಟು, "ಅದು ಬೋರ್ಡಿಂಗ್ ಶಾಲೆ" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ನಾನು ಬದುಕಿದ್ದೇನೆ" ಎಂದರು.

ನಮ್ಮಲ್ಲಿ ಎಷ್ಟು ಜನ ಊರಿನಲ್ಲಿ ಅಜ್ಜ ಅಜ್ಜಿಯ ಹತ್ತಿರ ಮಕ್ಕಳನ್ನು ಬಿಟ್ಟು ಬಂದಿದ್ದೇವೆ, ಪುತ್ತೂರು, ಮೂಡುಬಿದಿರೆ, ಧಾರವಾಡದ ಹಾಸ್ಟೆಲುಗಳಲ್ಲಿ ಓದಿಸುತ್ತಿದ್ದೇವೆ. ನಮ್ಮ ಮಗುವಿನ ಜೊತೆ ಯಾರೋ ಒಂದು ವಾರ ಆಟವಾಡಿ, 'ಅನಾಥ ಮಗುವಿನೊಂದಿಗೆ' ಎಂದು ಫೇಸ್‌ಬುಕ್ಕಿಗೆ ಹಾಕಿದ್ದರೆ? ನಾನು ಹಾಕಿದ್ದೆ. ಆ ರಾತ್ರಿ ತೆಗೆದೆ. ಅಷ್ಟರಲ್ಲಿ 214 ಲೈಕುಗಳು ಬಂದಿದ್ದವು, ನಿಮ್ಮಲ್ಲೂ ಕೆಲವರದಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ, ಎಂಜಿನಿಯರ್ ಬುದ್ಧಿ. ಹನ್ನೆರಡು ಜನ, ತಲೆಗೆ 300 ದಿನಾರ್, ಒಟ್ಟು 3,600 ದಿನಾರ್. ಆಗಿನ ದರದಲ್ಲಿ ಸುಮಾರು 16 ಲಕ್ಷ ಶಿಲಿಂಗ್. ಕೀನ್ಯಾ ಸರಕಾರ ಅನಾಥ ಮತ್ತು ಕಷ್ಟದಲ್ಲಿರುವ ಮಕ್ಕಳನ್ನು ಸಾಕುವ ಬಡ ಕುಟುಂಬಗಳಿಗೆ ತಿಂಗಳಿಗೆ 2,000 ಶಿಲಿಂಗ್ ಕೊಡುವ ಒಂದು ಯೋಜನೆ ನಡೆಸುತ್ತಿದೆ. 2004ರಲ್ಲಿ ಸಣ್ಣದಾಗಿ ಶುರುವಾದದ್ದು. ಹಣ ಪಡೆದ ಮನೆಗಳಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳು ಹೆಚ್ಚಾದರು ಎಂದು ಅಧ್ಯಯನಗಳಲ್ಲಿ ಕಂಡಿದೆ. 2,000 ಶಿಲಿಂಗ್ ಎಂದರೆ ಆಗ ನಾಲ್ಕೂವರೆ ದಿನಾರ್. ನಾವು ವಿಮಾನಕ್ಕೆ, ಹೋಟೆಲಿಗೆ, ಬಣ್ಣಕ್ಕೆ ಹಾಕಿದ ದುಡ್ಡಿನಲ್ಲಿ ಆ 38 ಮಕ್ಕಳ ಮನೆಗಳಿಗೆ ಅಷ್ಟೇ ಹಣವನ್ನು ಹತ್ತಿರ ಹತ್ತಿರ ಎರಡು ವರ್ಷ ಕಳಿಸಬಹುದಿತ್ತು. ಕಳಿಸುವುದು ಕಷ್ಟವೂ ಅಲ್ಲ. 2007ರಿಂದ ಅಲ್ಲಿ ಎಂ-ಪೆಸಾ ಇದೆ, ನಮ್ಮ ಯುಪಿಐಗಿಂತ ಎಷ್ಟೋ ಮೊದಲೇ ಹಳ್ಳಿ ಅಜ್ಜಿಯ ಬಟನ್ ಫೋನಿಗೂ ಹಣ ಹೋಗುತ್ತದೆ.

ನಮ್ಮ ರಾಜ್ಯದಲ್ಲೂ ಈ ಬುದ್ಧಿ ಬಂದಿದೆ. ಕೋವಿಡ್‌ನಲ್ಲಿ ತಂದೆ ತಾಯಿ ಕಳೆದುಕೊಂಡ ಮಕ್ಕಳಿಗೆ 2021ರಲ್ಲಿ ಬಂದ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಲ್ಲಿ ಸಾಕುವವರಿಗೆ ತಿಂಗಳಿಗೆ 3,500 ರೂಪಾಯಿ ಎಂದು ಘೋಷಿಸಿದರು. ಕೇಂದ್ರದ ಮಿಷನ್ ವಾತ್ಸಲ್ಯದಲ್ಲಿ 4,000. ಚಿಕ್ಕಮ್ಮನೋ ಅಜ್ಜಿಯೋ ಸಾಕಲು ಇದ್ದರೆ ಅವರ ಕೈಗೇ ಕೊಡುವುದು, ಯಾರೂ ಇಲ್ಲದಿದ್ದರೆ ಮಾತ್ರ ಬಾಲಮಂದಿರ. ಪುಣ್ಯಕೋಟಿ ಕೂಡ ಹುಲಿಯ ಬಳಿಗೆ ಹೊರಡುವ ಮುನ್ನ ತಬ್ಬಲಿ ಕರುವನ್ನು ಒಪ್ಪಿಸಿದ್ದು ದೊಡ್ಡಿಯ ಒಡಹುಟ್ಟಿದವರಿಗೇ ಅಲ್ಲವೇ.

ಕೀನ್ಯಾ ಸರಕಾರವೂ ಇದೇ ದಾರಿ ಹಿಡಿದಿದೆ. ಹೊಸ ಆಶ್ರಮಗಳ ನೋಂದಣಿಯನ್ನು 2017ರಲ್ಲೇ ನಿಲ್ಲಿಸಿತು. 2022ರಲ್ಲಿ, ಹತ್ತು ವರ್ಷದಲ್ಲಿ ಮಕ್ಕಳನ್ನು ಆಶ್ರಮಗಳಿಂದ ಕುಟುಂಬಗಳಿಗೆ ಸೇರಿಸುವ ಯೋಜನೆ ಪ್ರಕಟಿಸಿತು. ರುವಾಂಡಾ ಇನ್ನೂ ಮೊದಲೇ, 2012ರಲ್ಲಿ ಶುರು ಮಾಡಿತ್ತು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯ ಕೂಡ ಆಶ್ರಮಗಳಲ್ಲಿ ಪ್ರವಾಸಿಗಳ ಸೇವೆಯ ಅಪಾಯವನ್ನು ಎತ್ತಿ ಹೇಳಿದೆ.

ನಮ್ಮ ಗುಂಪು ಒಡೆದುಹೋಗಲಿಲ್ಲ, ಆದರೆ ಒಂದು ವರ್ಷ ಮಾತು ಬಿಗಿಯಾಗಿತ್ತು. ಕೆಲವರಿಗೆ ನಾನು ಒಳ್ಳೆಯ ಕೆಲಸಕ್ಕೆ ಕಲ್ಲು ಹಾಕಿದೆ ಎಂಬ ಬೇಸರ ಇವತ್ತಿಗೂ ಇದೆ, ಒಬ್ಬರು ನನಗೆ ಕೈ ಕೊಡುವುದಿಲ್ಲ. ಕೊನೆಗೆ 2024ರಲ್ಲಿ ಪ್ರವಾಸ ನಿಲ್ಲಿಸಿ, ಆ ದುಡ್ಡಿನಲ್ಲಿ ಅಲ್ಲಿಯದೇ ಭಾಷೆ ಮಾತಾಡುವ ಒಬ್ಬ ಸಮಾಜ ಕಾರ್ಯಕರ್ತೆಗೆ ಸಂಬಳ ಕೊಡುವುದು ಎಂದಾಯಿತು. ಆಕೆ ಅಲ್ಲಿನ ಸರಕಾರದ ಮಕ್ಕಳ ಅಧಿಕಾರಿಯ ಜೊತೆ ಒಂದೊಂದೇ ಮನೆಗೆ ಹೋಗಿ ನೋಡುತ್ತಾರೆ. ಮೊದಲು ರಜೆಗೆ ಕಳಿಸುವುದು, ಸರಿ ಹೋದರೆ ಪೂರ್ತಿ. ನಾನು ಆ ಶೀಟನ್ನು ನೋಡಿಕೊಳ್ಳುತ್ತೇನೆ, ಸಾಲ್ಮಿಯಾದಲ್ಲಿ ಕೂತೇ. ಎಲ್ಲವೂ ಸುಸೂತ್ರ ಎಂದು ಹೇಳಲಾರೆ. ಒಬ್ಬ ಹುಡುಗಿ ಎರಡೇ ತಿಂಗಳಿಗೆ ವಾಪಸು ಬಂದಳು, ಮಲತಂದೆಯ ಹೊಡೆತ. ಆ ಆರು ಮಕ್ಕಳಿಗೆ ಆಶ್ರಮ ಬೇಕೇ ಬೇಕು, ಮೇಟ್ರನ್ ಅವರಂಥ ಹೆಂಗಸು ಅವರಿಗೆ ಸಿಕ್ಕಿದ್ದು ಪುಣ್ಯ. ಆದ್ದರಿಂದ ಆಶ್ರಮಗಳೇ ಬೇಡ ಎಂದು ನಾನು ಹೇಳುತ್ತಿಲ್ಲ.

ಈಗ ಕೇಳಿದವರಿಗೆ ಉತ್ತರ. ಹೋಗಲೇಬೇಕೆಂದಿದ್ದರೆ ಆ ಆಶ್ರಮದವರನ್ನು ಮೊದಲು ಕೇಳಿ, ಎಷ್ಟು ಮಕ್ಕಳಿಗೆ ಮನೆಯವರಿದ್ದಾರೆ, ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಹೋದರು ಎಂದು. ಉತ್ತರ ತಡವರಿಸಿದರೆ ಯೋಚಿಸಿ. ಯಾವ ತಪಾಸಣೆಯೂ ಇಲ್ಲದೆ ಯಾರು ಬೇಕಾದರೂ ಬಂದು ಮಕ್ಕಳ ಕೋಣೆಗೆ ಹೋಗಬಹುದು ಎನ್ನುವ ಜಾಗ ಮಕ್ಕಳಿಗೆ ಸುರಕ್ಷಿತ ಅಲ್ಲ, ನೀವು ಎಷ್ಟೇ ಒಳ್ಳೆಯವರಾದರೂ. ನರ್ಸ್, ದಂತವೈದ್ಯರು, ಲೆಕ್ಕಪತ್ರದವರು, ನಮ್ಮಂಥ ಕಂಪ್ಯೂಟರಿನವರು ಅಲ್ಲಿನ ಸಿಬ್ಬಂದಿಗೆ ಏನಾದರೂ ಕಲಿಸಿ ಬರಬಹುದು. ಮಕ್ಕಳ ಮುಖದ ಫೋಟೋ ಬೇಡ. ಡಿಸೆಂಬರ್ ಎಂದು ಹೇಳಬೇಡಿ.

ಇನ್ನು ನಮ್ಮ ಕೂಟದಿಂದ ಒಂದು ಡಬ್ಬಿ ಇಟ್ಟು ಹಣ ಎತ್ತೋಣವೇ ಎಂದೂ ಒಬ್ಬರು ಕೇಳಿದ್ದರು. ದಯವಿಟ್ಟು ಬೇಡ. ಕುವೈತಿನಲ್ಲಿ ಸಾಮಾಜಿಕ ವ್ಯವಹಾರಗಳ ಸಚಿವಾಲಯದ ಅನುಮತಿ ಇಲ್ಲದೆ ದೇಣಿಗೆ ಸಂಗ್ರಹಿಸುವಂತಿಲ್ಲ, ಒಳ್ಳೆಯ ಉದ್ದೇಶ ಎಂದರೂ ನಡೆಯುವುದಿಲ್ಲ. ಕೊಡುವವರು ನೋಂದಾಯಿತ ಸಂಸ್ಥೆಗಳಿಗೆ ಅವರವರೇ ಕೊಡಬೇಕು. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವ ಹತ್ತು ದಿನ ಮೊದಲೇ ತೆಗೆದುಕೊಂಡು ಕಾರ್ಡನ್ನು ಜೋಪಾನವಾಗಿಡಿ. ಕೀನ್ಯಾದಿಂದ ಬಂದು ಆರು ದಿನದೊಳಗೆ ಬೆಂಗಳೂರಿಗೋ ಮಂಗಳೂರಿಗೋ ಇಳಿದರೆ ಆ ಕಾರ್ಡ್ ಇಲ್ಲದವರನ್ನು ಪ್ರತ್ಯೇಕ ಇಡುತ್ತಾರೆ. ನಾವು ಹೋದಾಗ ಇ-ವೀಸಾ ಇತ್ತು, 2024ರ ಜನವರಿಯಿಂದ ಅದರ ಬದಲು ಇಟಿಎ ಬಂದಿದೆ, ಅದನ್ನೂ ಆನ್‌ಲೈನಿನಲ್ಲೇ ಮಾಡಿಸಬೇಕು.

ಆ ಹುಡುಗ 2024ರ ಆಗಸ್ಟಿನಿಂದ ಅಜ್ಜಿಯ ಮನೆಯಲ್ಲಿದ್ದಾನೆ. ಸ್ವಾಹಿಲಿಯಲ್ಲಿ ಅಜ್ಜಿಗೂ ಟೊಮೆಟೊಗೂ ಒಂದೇ ಪದ, ನ್ಯಾನ್ಯಾ. ಅದನ್ನು ಹೇಳಿ ಫೋನಿನಲ್ಲಿ ನಗುತ್ತಾನೆ. ಮೊದಲಿನ ಶಾಲೆಗೇ ಹೋಗುತ್ತಾನೆ, ಆರು ಕಿಲೋಮೀಟರ್ ಆದ್ದರಿಂದ ಬಾಡಿಗೆ ಮೋಟಾರ್ ಸೈಕಲ್ಲಿನವನಿಗೆ ತಿಂಗಳ ಲೆಕ್ಕ. ಅವನ ತಾಯಿ ಮೊದಲು ಆಶ್ರಮಕ್ಕೆ ಕಳಿಸುತ್ತಿದ್ದ 3,000 ಶಿಲಿಂಗನ್ನು ಈಗ ಅಜ್ಜಿಯ ಫೋನಿಗೆ ಕಳಿಸುತ್ತಾರೆ. ಅವರ ಕಾಂಟ್ರಾಕ್ಟ್ ಮುಗಿಯಲು ಇನ್ನೂ ಸಮಯವಿದೆ. ಹಬ್ಬ ಹರಿದಿನಗಳಲ್ಲಿ ರಜೆ ಸಿಕ್ಕರೆ ನಮ್ಮ ಮನೆಗೆ ಬರುತ್ತಾರೆ. ಕಳೆದ ಸಲ ನನ್ನ ಹೆಂಡತಿ ಮುದ್ದೆ ಮಾಡಿದ್ದಳು, ಬಣ್ಣ ಯಾಕೆ ಹೀಗೆ ಎಂದು ಕೇಳಿದರು, ಆದರೆ ಎರಡು ಉಂಡರು.